ಕೆಂದಳಿಲಿನ ಕಾಲಡಿಯ ತಂತಿ



2024ರ ಜನವರಿಯಲ್ಲಿ ಇದೇ ಪುಟದಲ್ಲಿ ನಾನು ಪ್ರಕಟಿಸಿದ್ದ ಕೆಂದಳಿಲಿನ ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಮೈಚಾಚಿ ದಾಟುತ್ತಿದ್ದ ಅಳಿಲು, ಹಿಂದೆ ನೀಲಿ ಆಕಾಶ, ಜೋತುಬಿದ್ದ ಉದ್ದನೆಯ ಬಾಲ. ಮೆಚ್ಚಿಕೊಂಡು ಬರೆದವರು ಬಹಳ ಮಂದಿ. ಹಳೆಯ ವಿದ್ಯಾರ್ಥಿಯೊಬ್ಬರಂತೂ ಅದನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಬೆಂಗಳೂರಿನ ತಮ್ಮ ಮನೆಯ ನಡುಕೋಣೆಯಲ್ಲಿ ತೂಗುಹಾಕಿ, ಹಾಗೆ ತೂಗುಹಾಕಿದ್ದರ ಚಿತ್ರವನ್ನೂ ನನಗೆ ಕಳುಹಿಸಿದ್ದರು. ಆ ಚಿತ್ರವನ್ನು ಕಳೆದ ವಾರ ಇಲ್ಲಿಂದ ತೆಗೆದುಹಾಕಿದ್ದೇನೆ. ಏಕೆಂದು ಕೇಳಿ ಮೂವರು ನಾಲ್ವರು ಪತ್ರ ಬರೆದಿದ್ದಾರೆ. ಕಾರಣ ಇಷ್ಟೇ: ಅದು ಸುಳ್ಳು ಚಿತ್ರ. ಅಳಿಲು ನಿಜ, ಬಿಸಿಲು ನಿಜ, ಮುಂಗಾಲಿನ ಕೊಂಬೆಯೂ ನಿಜ. ಆದರೆ ಅದರ ಹಿಂಗಾಲುಗಳು ಊರಿದ್ದ ಕೊಂಬೆ ಈ ಭೂಮಿಯ ಮೇಲೆ ಎಂದೂ ಬೆಳೆದದ್ದಲ್ಲ. ಅಲ್ಲಿದ್ದದ್ದು ವಿದ್ಯುತ್ ತಂತಿ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. 2023ರ ಡಿಸೆಂಬರಿನ ಒಂದು ಬೆಳಿಗ್ಗೆ. ಆರು ಗಂಟೆಗೇ ಕರೆಂಟು ಹೋಗಿತ್ತು. ತೋಟಕ್ಕೆ ಪಂಪು ಹಾಕಲು ಆಗದೆ, ಸುಮ್ಮನೆ ಕುಳಿತಿರಲೂ ಆಗದೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸೊಪ್ಪಿನಬೆಟ್ಟದ ಕಡೆಗೆ ಹೊರಟೆ. ನಮ್ಮೂರಿನ ರಸ್ತೆ ಅಗಲವಾದಾಗ ಆ ತಿರುವಿನಲ್ಲಿದ್ದ ಎರಡು ಮಾವಿನ ಮರ, ಒಂದು ನಂದಿ ಮರ ಉರುಳಿದ್ದವು. ಅದಕ್ಕೆ ಮೊದಲು ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೈಕೈ ಹಿಡಿದು ನಿಂತಿದ್ದವು. ಶಾಲೆಗೆ ಸೈಕಲ್ಲಿನಲ್ಲಿ ಹೋಗುವಾಗ ಆ ತಿರುವಿನಲ್ಲಿ ಟೋಪಿ ತೆಗೆಯುತ್ತಿದ್ದೆ, ಅಷ್ಟು ತಂಪು. ಈಗ ಅಲ್ಲಿ ಆಕಾಶ. ಆ ಆಕಾಶವನ್ನು ದಾಟುವುದು ತಂತಿಗಳು ಮಾತ್ರ. ಕೆಂದಳಿಲು ಆ ತಂತಿಯ ಮೇಲೆ ನಡೆದು ಬಂದು, ಆಚೆಯ ಹೊನ್ನೆಯ ಕೊಂಬೆಗೆ ಮುಂಗಾಲು ಚಾಚಿ, ಹಿಂಗಾಲನ್ನು ಇನ್ನೂ ತಂತಿಯ ಮೇಲೆಯೇ ಊರಿದ್ದ ಒಂದು ಕ್ಷಣದಲ್ಲಿ ನಾನು ಗುಂಡಿ ಒತ್ತಿದೆ. ಐದಾರು ಚಿತ್ರಗಳಲ್ಲಿ ಒಂದು ಚೆನ್ನಾಗಿ ಬಂತು.

ಮನೆಗೆ ಬಂದು ನೋಡಿದಾಗ ನನಗೆ ಕಂಡದ್ದು ಒಂದೇ ದೋಷ, ಆ ತಂತಿ. ಇಷ್ಟು ಚೆಲುವಾದ ಪ್ರಾಣಿಯ ಚಿತ್ರದಲ್ಲಿ ಈ ಕರಿಗೆರೆ ಏಕೆ ಎಂದು ಮನಸ್ಸು ಕಿರಿಕಿರಿಗೊಂಡಿತು. ಹಬ್ಬಕ್ಕೆ ಬಂದಿದ್ದ ತಂಗಿಯ ಮಗ, “ಮಾವ, ಅದೇನು ದೊಡ್ಡ ಕೆಲಸ, ಎರಡು ನಿಮಿಷ” ಎಂದ. ಎರಡು ನಿಮಿಷವೂ ಬೇಕಾಗಲಿಲ್ಲ. ತಂತಿಯ ಮೇಲೆ ಬೆರಳಿನಿಂದ ಗೆರೆ ಎಳೆದಂತೆ ಎಳೆದ. ಗಣಕಯಂತ್ರ ಒಂದಿಷ್ಟು ಯೋಚಿಸಿತು. ತಂತಿ ಮಾಯವಾಗಿ ಅಲ್ಲಿ ಎಲೆಗಳುಳ್ಳ ಒಂದು ಟೊಂಗೆ ಮೂಡಿತು! ನಾನು ಚಪ್ಪಾಳೆ ತಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಅವನು ಮೂಲದ ಮೇಲೆಯೇ ಉಳಿಸಿದ, ನಾನು ಮರುದಿನ ಕ್ಯಾಮೆರಾದ ಕಾರ್ಡನ್ನು ಅಳಿಸಿ ಹೊಸದಾಗಿ ಸಿದ್ಧಮಾಡಿಕೊಂಡೆ. ಹೀಗೆ ಆ ತಂತಿಯ ಕೊನೆಯ ಗುರುತೂ ಹೋಯಿತು.

ಮೊದಲು ಸಿಕ್ಕಿಬಿದ್ದದ್ದು ಎಲೆಯ ದೆಸೆಯಿಂದ. ಅರಣ್ಯಶಾಸ್ತ್ರ ಓದಿ ಈಗ ಮರದ ಮೇಲಿನ ಪ್ರಾಣಿಗಳ ಓಡಾಟದ ಬಗ್ಗೆ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. “ಸರ್, ಮುಂದಿನ ಕೊಂಬೆ ಹೊನ್ನೆ, ಅದು ಸರಿ. ಹಿಂಗಾಲಿನ ಕೆಳಗಿನ ಕೊಂಬೆ ಯಾವ ಮರದ್ದು? ಎಲೆ ಮಾವಿನಂತಿದೆ, ಅಂಚು ಗರಗಸದಂತಿದೆ, ಹೊನ್ನೆಯ ಮರದ ಒಳಗಿನಿಂದಲೇ ಹೊರಟಂತಿದೆ. ಹೊನ್ನೆಯದು ಸಂಯುಕ್ತ ಪರ್ಣ ಎಂದು ಹೇಳಿಕೊಟ್ಟವರು ನೀವೇ ಅಲ್ಲವೇ ಸರ್?” ಎಂದು ಕೇಳಿದಳು. ಒಂಬತ್ತನೆಯ ತರಗತಿಯಲ್ಲಿ ಸರಳ ಪರ್ಣ, ಸಂಯುಕ್ತ ಪರ್ಣಗಳನ್ನು ತೋರಿಸಲು ಎಲೆಗಳನ್ನು ತರಿಸುತ್ತಿದ್ದ ಮೇಷ್ಟ್ರಿಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕೇ? ನಿಜವನ್ನು ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, “ಸರ್, ನನಗೆ ಬೇಕಾಗಿದ್ದದ್ದು ಆ ತಂತಿಯೇ ಆಗಿತ್ತು” ಎಂದಳು.

ಅಲ್ಲಿಗೇ ಮುಗಿದಿದ್ದರೆ ನನ್ನ ಅಭಿಮಾನಕ್ಕೆ ಮಾತ್ರ ಪೆಟ್ಟು. ಆದರೆ ಆ ಮಳೆಗಾಲದಲ್ಲಿ ಅದೇ ತಂತಿಯ ಕೆಳಗೆ ಒಂದು ಕೆಂದಳಿಲು ಸತ್ತು ಬಿದ್ದಿದ್ದುದನ್ನು ಹಾಲು ಹಾಕಲು ಹೋಗುವ ಇಬ್ಬರು ನೋಡಿದರು. ನಾವು ಹೋಗುವಷ್ಟರಲ್ಲಿ ನಾಯಿ ಎಳೆದುಕೊಂಡು ಹೋಗಿತ್ತು. ಆ ತಿರುವಿನಷ್ಟು ದೂರಕ್ಕಾದರೂ ಬರಿತಂತಿಯ ಬದಲು ಹೊದಿಕೆಯ ತಂತಿ ಹಾಕಬೇಕು, ಇಲ್ಲವೇ ಎರಡು ಬದಿಯ ಮರಗಳ ನಡುವೆ ಹಗ್ಗದ ಸೇತುವೆ ಕಟ್ಟಲು ಅನುಮತಿ ಕೊಡಬೇಕು ಎಂದು ಊರವರು ಹದಿನೈದು ಮಂದಿ ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿದ್ದ ಅಧಿಕಾರಿ ಸಜ್ಜನರೇ, ಕುಳ್ಳಿರಿಸಿ ಮಾತನಾಡಿಸಿದರು. ಪ್ರಾಣಿಗಳು ಆ ತಂತಿಯ ಮೇಲೆ ಓಡಾಡುತ್ತವೆ ಎಂಬುದಕ್ಕೆ ಏನಾದರೂ ಆಧಾರ ಇದೆಯೇ ಎಂದರು. ನಮ್ಮಲ್ಲಿ ಯಾರೋ ಉತ್ಸಾಹದಿಂದ, “ಮಾಸ್ತರು ಫೋಟೋ ತೆಗೆದಿದ್ದಾರೆ” ಎಂದರು. ಅಧಿಕಾರಿ ಮೊಬೈಲಿನಲ್ಲಿಯೇ ಚಿತ್ರವನ್ನು ನೋಡಿದರು. “ಇದರಲ್ಲಿ ತಂತಿ ಎಲ್ಲಿದೆ ಮಾಸ್ತರೇ?” ನಾನು ನಡೆದದ್ದನ್ನು ಹೇಳಿದೆ. ಅವರು ನಕ್ಕರು. ಕುಹಕದ ನಗೆಯಲ್ಲ, ಆದರೂ ನನಗೆ ಇಂದಿಗೂ ಕೇಳಿಸುತ್ತದೆ. “ಅಳಿಸಿದವರೂ ನೀವೇ, ಇತ್ತು ಎನ್ನುವವರೂ ನೀವೇ. ನಾನು ಫೈಲಿನಲ್ಲಿ ಏನು ಬರೆಯಲಿ?” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ವಿಜ್ಞಾನ ಓದಿದವರಿಗೆ ಒಂದು ಮಾತು ಇಲ್ಲಿ ಹೇಳಬೇಕು, ಪಾಠ ಮಾಡುವ ಚಟ ಇನ್ನೂ ಹೋಗಿಲ್ಲ. ಕಾಗೆ ಒಂದೇ ತಂತಿಯ ಮೇಲೆ ಕುಳಿತರೆ ಅದಕ್ಕೆ ಏನೂ ಆಗುವುದಿಲ್ಲ, ಎರಡು ಕಾಲುಗಳ ನಡುವೆ ವಿಭವಾಂತರವೇ ಇಲ್ಲದಷ್ಟು ಕಡಿಮೆ. ಕೆಂದಳಿಲಿನ ಮಾತು ಬೇರೆ. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಅದು ಒಂದು ಮೀಟರಿನ ಹತ್ತಿರ ಬರುವ ಪ್ರಾಣಿ. ಹಿಂಗಾಲು ತಂತಿಯ ಮೇಲೆ, ಮುಂಗಾಲು ಮಳೆಯಲ್ಲಿ ನೆನೆದ ಮರದ ಮೇಲೆ ಇದ್ದರೆ ಅದರ ಮೈಯೇ ಭೂಮಿಗೆ ದಾರಿಯಾಗುತ್ತದೆ. ನಾನು ಚಿತ್ರ ತೆಗೆದ ದಿನ ಅದು ಬದುಕಿ ದಾಟಿದ್ದು ಕರೆಂಟು ಹೋಗಿದ್ದರಿಂದ. ಪಂಪು ಹಾಕಲಾಗಲಿಲ್ಲವೆಂದು ನಾನು ಬೈದುಕೊಂಡಿದ್ದ ಅದೇ ಕರೆಂಟು!

ಹೀಗೆಂದ ಮಾತ್ರಕ್ಕೆ ಚಿತ್ರವನ್ನು ತೆಗೆದ ಮೇಲೆ ಮುಟ್ಟಲೇಬಾರದು ಎಂಬ ಮಡಿವಂತಿಕೆ ನನ್ನದಲ್ಲ. ಈ ಪ್ರಸಂಗವನ್ನು ಕೇಳಿದ ಹಿರಿಯ ಮಿತ್ರರೊಬ್ಬರು, “ನಮ್ಮ ಕಾಲದಲ್ಲಿ ರೀಲು ಹಾಕಿ ತೆಗೆಯುತ್ತಿದ್ದೆವು, ಬಂದದ್ದು ಬಂದಂತೆ, ಈ ಎಡಿಟಿಂಗ್ ಎಂಬುದೇ ಮೋಸ” ಎಂದರು. ಇದನ್ನು ನಾನು ಒಪ್ಪಲಾರೆ. ರೀಲಿನ ಕಾಲದಲ್ಲಿಯೂ ಬಂದದ್ದು ಬಂದಂತೆ ಇರಲಿಲ್ಲ. ಕತ್ತಲೆಕೋಣೆಯಲ್ಲಿ ಕೈ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ಕಡಿಮೆ ಬೀಳಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೀಳಿಸುವುದು, ಕಾಗದದ ದರ್ಜೆ ಬದಲಿಸುವುದು, ಅಂಚು ಕತ್ತರಿಸುವುದು, ಇವೆಲ್ಲ ಆ ಕಲೆಯ ಅಂಗಗಳೇ ಆಗಿದ್ದವು. ಸಂಡೂರಿನ ಎಂ. ವೈ. ಘೋರ್ಪಡೆಯವರು, ಟಿ. ಎನ್. ಎ. ಪೆರುಮಾಳ್ ಅವರು ಕಾಡಿನ ಚಿತ್ರಗಳನ್ನು ತೆಗೆದ ದಿನಗಳಲ್ಲಿ ಕ್ಯಾಮೆರಾದ ಕೆಲಸ ಎಷ್ಟೋ, ಕತ್ತಲೆಕೋಣೆಯ ಕೆಲಸವೂ ಅಷ್ಟೇ ಇತ್ತು. ಅಲ್ಲಿ ಮಾಡುತ್ತಿದ್ದುದನ್ನು ಇಂದು ಮೇಜಿನ ಮೇಲಿನ ಯಂತ್ರದಲ್ಲಿ ಮಾಡಿದರೆ ಅದು ಮೋಸ ಹೇಗಾದೀತು?

ಅದರಲ್ಲಿಯೂ ಮರದ ಮೇಲಿನ ಪ್ರಾಣಿಯ ಚಿತ್ರಕ್ಕೆ ಈ ತಿದ್ದುಪಡಿ ಅಗತ್ಯವೇ ಎಂದು ನಾನು ವಾದಿಸುತ್ತೇನೆ. ಬಯಲಿನಲ್ಲಿ ಮೇಯುವ ಜಿಂಕೆಯ ಮಾತು ಬೇರೆ. ಮರದ ಮೇಲಿನ ಪ್ರಾಣಿಯನ್ನು ನಾವು ಕೆಳಗಿನಿಂದ ನೋಡುತ್ತೇವೆ. ಅದರ ಹಿಂದೆ ಹೊಳೆಯುವ ಆಕಾಶ, ಅದರ ಹೊಟ್ಟೆಯ ಭಾಗಕ್ಕೆ ನೆರಳು. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಅಳಿಲು ಯಾವುದು ಆಕಾಶ ಯಾವುದು ಎಂಬ ವಿವೇಕವಿಲ್ಲ. ಎಲ್ಲವನ್ನೂ ಸರಾಸರಿ ಬೂದುಬಣ್ಣಕ್ಕೆ ತರುವುದೊಂದೇ ಅದಕ್ಕೆ ಗೊತ್ತು. ಆಕಾಶವನ್ನು ಬೂದು ಮಾಡಲು ಹೋಗಿ ಅಳಿಲನ್ನು ಮಸಿ ಮಾಡಿಬಿಡುತ್ತದೆ. ನಾವೇ ಎಕ್ಸ್‌ಪೋಶರನ್ನು ಒಂದರಿಂದ ಎರಡು ಸ್ಟಾಪಿನಷ್ಟು ಏರಿಸಿಕೊಳ್ಳಬೇಕು. ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು, ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು. ಹೆಚ್ಚು ಏರಿಸಿದರೆ ಎಲೆಗಳ ಸಂದಿನ ಆಕಾಶವೆಲ್ಲ ಸುಣ್ಣದ ಬಿಳುಪಾಗುತ್ತದೆ. ಇನ್ನು ಎಲೆಗಳ ಮೂಲಕ ಸೋಸಿ ಬರುವ ಬೆಳಕು ಹಸಿರು. ಅಳಿಲಿನ ಎದೆಯ ಕೆನೆಬಣ್ಣವೂ ಪಾಚಿ ಹಿಡಿದಂತೆ ಕಾಣುತ್ತದೆ. ಆಕಾಶಕ್ಕೆ ಎದುರಾದ ಎಲೆಯ ಅಂಚಿನಲ್ಲಿ ಮಸೂರದ ದೋಷದಿಂದ ನೇರಳೆ ಗೆರೆ ಮೂಡುತ್ತದೆ. ನಮ್ಮ ಕಣ್ಣು ಅಂದು ಅಲ್ಲಿ ನಿಂತು ನೋಡಿದಾಗ ಇದಾವುದೂ ಇರಲಿಲ್ಲ. ಕಣ್ಣು ನೆರಳನ್ನೂ ಬೆಳಕನ್ನೂ ಒಟ್ಟಿಗೆ ಹಿಡಿಯಬಲ್ಲದು, ಹಸಿರನ್ನು ತಾನೇ ಕಳೆದುಕೊಳ್ಳಬಲ್ಲದು. ಹಾಗಿರುವಾಗ ನೆರಳನ್ನು ತುಸು ಎತ್ತಿ, ಆಕಾಶವನ್ನು ತುಸು ತಗ್ಗಿಸಿ, ಬಿಳುಪಿನ ಸಮತೋಲ ಸರಿಪಡಿಸಿ, ನೇರಳೆ ಗೆರೆ ತೆಗೆದರೆ ಚಿತ್ರ ನಿಜದ ಹತ್ತಿರ ಬರುತ್ತದೆಯೇ ಹೊರತು ದೂರ ಹೋಗುವುದಿಲ್ಲ.

ಇದಕ್ಕೆ ಕಬಿನಿ ಹಿನ್ನೀರಿನ ಕಾಡಿನ ಕರಿಚಿರತೆಗಿಂತ ಒಳ್ಳೆಯ ದೃಷ್ಟಾಂತ ನನಗೆ ತೋಚದು. ಕರಿಚಿರತೆ ಬೇರೆ ಪ್ರಾಣಿಯಲ್ಲ, ಕಪ್ಪು ವರ್ಣದ್ರವ್ಯ ಹೆಚ್ಚಾದ ಚಿರತೆಯೇ. ಅದರ ಮೈಮೇಲೆಯೂ ಮಚ್ಚೆಗಳಿವೆ, ಓರೆ ಬಿಸಿಲಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಕೊಂಬೆಯ ಮೇಲೆ ಮಲಗಿದ ಅಂತಹ ಚಿರತೆಯ ಚಿತ್ರದಲ್ಲಿ ನೆರಳನ್ನು ಹದವಾಗಿ ಎತ್ತಿದರೆ ಆ ಮಚ್ಚೆಗಳು ಮೇಲೆ ಬರುತ್ತವೆ. ಇಲ್ಲದ್ದನ್ನು ಬರೆದದ್ದಲ್ಲ, ಇದ್ದದ್ದನ್ನು ತೋರಿಸಿದ್ದು.

ಆದರೆ ಹದ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ನಮ್ಮ ಜಿಲ್ಲೆಯ ಹೆಮ್ಮೆಯಾದ ಸಿಂಗಳೀಕವನ್ನೇ ನೋಡಿ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಕಾಡಿನಲ್ಲಿ ಅದು ಇಲ್ಲ. ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಿದರು. ಕಾಡಿನ ಮೇಲ್ಚಾವಣಿಯಲ್ಲಿ ಉಪ್ಪಾಗೆ, ಹಲಸು, ಅತ್ತಿ ಎಂದು ತಿಂದುಕೊಂಡಿರುವ, ನೆಲಕ್ಕೆ ಇಳಿಯುವುದನ್ನು ಇಷ್ಟಪಡದ ಜೀವಿ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಗೂದಲಿನ ಕೇಸರ. ಇದರ ಚಿತ್ರದಲ್ಲಿ ನೆರಳನ್ನು ಹಿಡಿದು ಎಳೆದರೆ ಕಪ್ಪು ಮೈ ಬೂದಿ ಬಳಿದಂತಾಗಿ, ತುಂಬ ಚುಕ್ಕೆಗಳೇಳುತ್ತವೆ. ಆ ಚುಕ್ಕೆಗಳನ್ನು ಒರೆಸಲು ಇನ್ನೊಂದು ಗುಂಡಿ ಒತ್ತಿದರೆ ಕೂದಲೆಲ್ಲ ನುಣುಪಾಗಿ ಮೇಣದ ಬೊಂಬೆಯಾಗುತ್ತದೆ. ಕೊಡಗಿನ ಕಾಡಿನಲ್ಲಿ ಇನ್ನೊಂದು ಕರಿಯ ಕೋತಿಯಿದೆ, ನೀಲಗಿರಿ ಲಂಗೂರ್. ಕೇಸರದ ಆಕಾರ, ಬಾಲದ ತುದಿಯ ಕುಚ್ಚು ಇವುಗಳಿಂದಲೇ ಎರಡನ್ನೂ ಬೇರೆ ಮಾಡಿ ಗುರುತಿಸಬೇಕು. ಅವನ್ನೇ ಒರೆಸಿಬಿಟ್ಟರೆ? ಕಪ್ಪು ಪ್ರಾಣಿ ಕಪ್ಪಾಗಿಯೇ ಇರಲಿ.

ಬಣ್ಣದ ವಿಷಯವೂ ಹೀಗೆಯೇ. ಕೆಂದಳಿಲಿನ ಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿ ನೋಡಿದರೆ ಕೆಲವು ಕಿತ್ತಳೆ, ಕೆಲವು ಕುಂಕುಮ, ಕೆಲವು ನೇರಳೆ. “ಕೆಂದಳಿಲು ಎಂದ ಮೇಲೆ ಕೆಂಪಾಗಿರಲಿ” ಎಂದು ಬಣ್ಣದ ಪಟ್ಟಿಯನ್ನು ಬಲಕ್ಕೆ ಎಳೆದವರ ಕೆಲಸ ಅದು. ಆ ಪ್ರಾಣಿಯ ಬಣ್ಣ ಅಲಂಕಾರವಲ್ಲ, ಮಾಹಿತಿ. ಮೈಯ ಕೆಂಪು ಎಷ್ಟು ಗಾಢ, ಕಪ್ಪು ಎಲ್ಲಿಂದ ಎಲ್ಲಿಯವರೆಗೆ, ಬಾಲದ ತುದಿ ಯಾವ ಬಣ್ಣ ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮಹಾರಾಷ್ಟ್ರದವರು ಶೇಕರೂ ಎಂದು ಕರೆದು ತಮ್ಮ ರಾಜ್ಯಪ್ರಾಣಿಯನ್ನಾಗಿ ಮಾಡಿಕೊಂಡಿರುವುದೂ ಇದನ್ನೇ, ಆದರೆ ಅಲ್ಲಿಯದಕ್ಕೂ ಕೇರಳದ ಕಾಡಿನದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿದೆ. ಮುಂದೊಂದು ದಿನ ಯಾರಾದರೂ ಈ ಚಿತ್ರಗಳನ್ನು ಇಟ್ಟುಕೊಂಡು ಯಾವ ಬಣ್ಣದ ಅಳಿಲು ಎಲ್ಲಿತ್ತು ಎಂದು ನೋಡಬಯಸಿದರೆ ಅವರ ಕೈಗೆ ಸಿಗುವುದು ಅಳಿಲಿನ ಬಣ್ಣವಲ್ಲ, ನಮ್ಮ ರುಚಿಯ ಬಣ್ಣ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ನನ್ನ ಅಭಿಪ್ರಾಯ ನೇರವಾಗಿದೆ. ಬೆಳಕನ್ನು ತಿದ್ದಬಹುದು, ವಸ್ತುವನ್ನು ತಿದ್ದಬಾರದು. ಅಂಚನ್ನು ಕತ್ತರಿಸಬಹುದು. ಕ್ಯಾಮೆರಾದೊಳಗಿನ ಧೂಳಿನ ಚುಕ್ಕೆಯನ್ನು ತೆಗೆಯಬಹುದು, ಅದು ಕಾಡಿನಲ್ಲಿ ಇದ್ದದ್ದಲ್ಲ. ಆದರೆ ಕಾಡಿನಲ್ಲಿ ಇದ್ದ ಒಂದು ಒಣಕಡ್ಡಿಯನ್ನೂ ಅಳಿಸಬಾರದು, ಇಲ್ಲದ ಒಂದು ಎಲೆಯನ್ನೂ ಸೇರಿಸಬಾರದು. ಇದು ನಾನೇ ಹೊಸದಾಗಿ ಕಂಡುಹಿಡಿದ ನಿಯಮವೇನೂ ಅಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯ ನಿಯಮಗಳ ಸಾರವೂ ಹೆಚ್ಚುಕಡಿಮೆ ಇದೇ. ಕೊನೆಯ ಸುತ್ತಿಗೆ ಬಂದವರಿಂದ ಅವರು ಮೂಲ ಕಡತವನ್ನೇ ಕೇಳುತ್ತಾರೆ.

ಆ ಸ್ಪರ್ಧೆಯಲ್ಲಿಯೂ ಎಡವಿದವರಿದ್ದಾರೆ. 2009ರ ಪ್ರಶಸ್ತಿ ಬಂದಿದ್ದದ್ದು ಗೇಟಿನ ಮೇಲೆ ನೆಗೆಯುತ್ತಿದ್ದ ತೋಳದ ಚಿತ್ರಕ್ಕೆ. ಅದು ಕಾಡಿನ ತೋಳವಲ್ಲ, ಪಳಗಿಸಿದ್ದಿರಬೇಕು ಎಂದು ತೀರ್ಪುಗಾರರಿಗೆ ಮನವರಿಕೆಯಾಗಿ 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. 2017ರಲ್ಲಿ ಒಂದು ವಿಭಾಗದಲ್ಲಿ ಗೆದ್ದಿದ್ದ ಇರುವೆಭಕ್ಷಕದ ಚಿತ್ರದ ಗತಿಯೂ 2018ರಲ್ಲಿ ಹಾಗೆಯೇ ಆಯಿತು. ಅದರಲ್ಲಿದ್ದದ್ದು ಹೊಟ್ಟು ತುಂಬಿದ ಸತ್ತ ಪ್ರಾಣಿ ಎಂದು ತಜ್ಞರು ತೀರ್ಮಾನಿಸಿದರು. ಚಿತ್ರಗ್ರಾಹಕರಿಬ್ಬರೂ ಆರೋಪವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಇವೆರಡರಲ್ಲಿಯೂ ಗಣಕಯಂತ್ರದ ತಪ್ಪು ಏನೂ ಇರಲಿಲ್ಲ ಎಂಬುದು ಗಮನಾರ್ಹ. ಇನ್ನು ದೊಡ್ಡವರೆನಿಸಿಕೊಂಡ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೇ 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲಿ ಎಂದು ಈಜಿಪ್ಟಿನ ಪಿರಮಿಡ್ಡುಗಳನ್ನು ಯಂತ್ರದಲ್ಲಿ ಹತ್ತಿರಕ್ಕೆ ಸರಿಸಿತ್ತು! ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಅಲುಗಾಡದೆ ನಿಂತದ್ದು ಒಂದು ಮುಖಪುಟಕ್ಕಾಗಿ ಸರಿಯಿತು. ನನ್ನ ತಂತಿ ಯಾವ ಲೆಕ್ಕ ಎಂದು ಒಮ್ಮೆ ಸಮಾಧಾನ ಮಾಡಿಕೊಂಡದ್ದೂ ಉಂಟು.

ಪ್ರಾಮಾಣಿಕವಾಗಿ ಮರದ ಮೇಲಿನ ಚಿತ್ರ ತೆಗೆಯುವವರು ಪಡುವ ಪಾಡನ್ನು ಕೇಳಿದರೆ ಆ ಸಮಾಧಾನ ನಿಲ್ಲುವುದಿಲ್ಲ. 2016ರಲ್ಲಿ ಇದೇ ಪ್ರಶಸ್ತಿ ಪಡೆದ ಟಿಮ್ ಲಾಮನ್, ಬೋರ್ನಿಯೋದ ಮಳೆಕಾಡಿನಲ್ಲಿ ಒರಾಂಗುಟಾನ್ ಅಂಜೂರದ ಹಣ್ಣಿಗೆ ಮರ ಹತ್ತುವುದನ್ನು ಮೇಲಿನಿಂದ ತೆಗೆಯಬೇಕೆಂದು ಮೂರು ದಿನ ಹಗ್ಗ ಹಿಡಿದು ಮರ ಹತ್ತಿಳಿದು ಸಣ್ಣ ಕ್ಯಾಮೆರಾಗಳನ್ನು ಕಟ್ಟಿ, ಕೆಳಗೆ ನಿಂತು ದೂರದಿಂದ ಅವನ್ನು ಚಾಲನೆ ಮಾಡಿದರು. 2020ರ ವಿಜೇತ ರಷ್ಯದ ಸೆರ್ಗೇಯ್ ಗೋರ್ಶ್‌ಕೋವ್, ಹೆಣ್ಣು ಹುಲಿಯೊಂದು ಮರವನ್ನು ತಬ್ಬಿ ತನ್ನ ವಾಸನೆಯ ಗುರುತು ಬಿಡುವ ಒಂದು ಚಿತ್ರಕ್ಕಾಗಿ ಸ್ವಯಂಚಾಲಿತ ಕ್ಯಾಮೆರಾ ಇಟ್ಟು ಹನ್ನೊಂದು ತಿಂಗಳಿಗೂ ಹೆಚ್ಚು ಕಾದರು. ನಾನೋ, ಎರಡು ನಿಮಿಷವೂ ಕಾಯಲಿಲ್ಲ. ಆ ಅಳಿಲು ಹೊನ್ನೆಯ ಮರದಲ್ಲಿ ಇನ್ನೂ ಅರ್ಧ ಗಂಟೆ ಇತ್ತು. ತಂತಿಯಿಲ್ಲದ ಚಿತ್ರ ಬೇಕಾಗಿದ್ದರೆ ನಾಲ್ಕು ಹೆಜ್ಜೆ ಎಡಕ್ಕೆ ಸರಿದು ನಿಲ್ಲಬಹುದಾಗಿತ್ತು.

ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನು ಸುಮ್ಮನೆ ತಲೆಯಾಡಿಸಲಿಲ್ಲ, ಅದು ನನಗೆ ಇಷ್ಟವಾಯಿತು. “ಮಾವ, ನೀವು ಪತ್ರಿಕೆಗೆ ಕಳುಹಿಸಿದ್ದಲ್ಲ, ಸ್ಪರ್ಧೆಗೆ ಕಳುಹಿಸಿದ್ದಲ್ಲ. ನಾಲ್ಕು ಜನ ನೋಡಿ ಸಂತೋಷಪಡಲಿ ಎಂದು ಹಾಕಿದಿರಿ. ಮದುವೆಯ ಫೋಟೋದಲ್ಲಿ ಹಿಂದಿನ ಕಸದ ಬುಟ್ಟಿ ತೆಗೆಯುವುದಿಲ್ಲವೇ?” ಎಂದ. ತೆಗೆಯುತ್ತೇವೆ. ವಧೂವರರಿಗೆ ಕಸದ ಬುಟ್ಟಿಯಿಂದ ಯಾವ ಅಪಾಯವೂ ಇಲ್ಲ, ಮತ್ತು ಆ ಬುಟ್ಟಿ ಅಲ್ಲಿತ್ತೆಂದು ಮುಂದೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕಾಡುಪ್ರಾಣಿಯ ಚಿತ್ರಕ್ಕೆ ಮಾತ್ರ ಯಾವಾಗ ಸಾಕ್ಷಿಯಾಗಬೇಕಾದ ಪ್ರಸಂಗ ಬಂದೀತು ಎಂಬುದು ತೆಗೆಯುವವನಿಗೆ ತಿಳಿದಿರುವುದಿಲ್ಲ. ಚೆಲುವಿಗಾಗಿ ಬದಲಿಸಿದ ಚಿತ್ರ ಬೇಕೇ ಬೇಕೆನ್ನುವವರು ಬದಲಿಸಲಿ, ಚಿತ್ರದ ಕೆಳಗೆ ಏನು ಬದಲಿಸಿದ್ದೇವೆ ಎಂದು ಒಂದು ಸಾಲು ಬರೆಯಲಿ, ಮೂಲವನ್ನು ಉಳಿಸಿಕೊಳ್ಳಲಿ. ಇದಕ್ಕೆ ಅವನೂ ಒಪ್ಪಿದ. “ಆದರೆ ಯಾರೂ ಬರೆಯುವುದಿಲ್ಲ ಮಾವ” ಎಂದೂ ಸೇರಿಸಿದ. ಅದೂ ನಿಜವೇ.

ಮೂಲವನ್ನು ಉಳಿಸಿಕೊಳ್ಳುವ ಬಗ್ಗೆ ನಾನು ಕಷ್ಟಪಟ್ಟು ಕಲಿತದ್ದನ್ನು ಹೇಳಿಬಿಡುತ್ತೇನೆ. ನನ್ನ ಕ್ಯಾಮೆರಾದಲ್ಲಿ ಜೆಪೆಗ್ ಅಲ್ಲದೆ ರಾ ಎಂಬ ಇನ್ನೊಂದು ಬಗೆಯ ಕಡತವೂ ಇದೆ. ಜಾಗ ಹೆಚ್ಚು ತಿನ್ನುತ್ತದೆಂದು ನಾನು ಅದನ್ನು ಬಳಸುತ್ತಿರಲಿಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳು, 14 ಬಿಟ್‌ಗಳ ರಾ ಕಡತದಲ್ಲಿ 16,384. ನೆರಳಿನಲ್ಲಿ ಕುಳಿತ ಪ್ರಾಣಿಯನ್ನು ಎತ್ತಿ ತೋರಿಸಬೇಕಾದರೆ ಈ ಮೆಟ್ಟಿಲುಗಳೇ ಬಂಡವಾಳ. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಲೈಟ್‌ರೂಮ್ ಇರಲಿ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಇರಲಿ, ರಾ ಕಡತದ ಚಿತ್ರವನ್ನು ಮುಟ್ಟುವುದೇ ಇಲ್ಲ. ಮಾಡಿದ ತಿದ್ದುಪಡಿಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತವೆ. ಹಿಂದಿನ ನೆಗೆಟಿವ್ ಇದ್ದಂತೆ ಅದು. ಎಷ್ಟು ಪ್ರತಿ ಮಾಡಿದರೂ ನೆಗೆಟಿವ್ ಹಾಗೆಯೇ ಇರುತ್ತದೆ. ನಾನು ಅಂದು ರಾದಲ್ಲಿ ತೆಗೆದಿದ್ದರೆ ತಂತಿ ಇಂದಿಗೂ ಉಳಿದಿರುತ್ತಿತ್ತು.

ಅಳಿಸುವುದನ್ನು ಇಷ್ಟು ವಿರೋಧಿಸುವ ನಾನು ಒಂದನ್ನು ಮಾತ್ರ ಅಳಿಸಿ ಎನ್ನುತ್ತೇನೆ. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ, ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಸೇರಿಕೊಂಡಿರುವುದುಂಟು. ಕಾಡುಪಾಪದಂತಹ ಪ್ರಾಣಿಯ ಚಿತ್ರವನ್ನು ಎಲ್ಲರಿಗೂ ಹಂಚುವಾಗ ಅದನ್ನು ತೆಗೆದುಬಿಡಿ. ತುಮಕೂರು ಜಿಲ್ಲೆಯ ನಾಗವಲ್ಲಿಯ ಸುತ್ತ ಬೇಲಿಗಿಡಗಳಲ್ಲಿ, ತೋಪುಗಳಲ್ಲಿ ಊರವರ ನಡುವೆಯೇ ಬದುಕಿಕೊಂಡಿರುವ ಆ ದೊಡ್ಡ ಕಣ್ಣಿನ ಪುಟ್ಟ ಜೀವಿಯನ್ನು ಮಾಟಮಂತ್ರದ ಮೂಢನಂಬಿಕೆಗೆ ಹಿಡಿಯುವವರು ಇಂದಿಗೂ ಇದ್ದಾರೆ. ಅದು ಎಲ್ಲಿದೆ ಎಂಬುದನ್ನು ಅಧ್ಯಯನ ಮಾಡುವವರಿಗೆ ಹೇಳಿ, ಊರಿಗೆಲ್ಲ ಸಾರಬೇಡಿ. ಕತ್ತಲಲ್ಲಿ ಅದರ ಮುಖಕ್ಕೆ ಫ್ಲಾಶ್ ಹೊಡೆಯುವುದಂತೂ ಬೇಡವೇ ಬೇಡ. ಇರುಳಿನ ಬೆಳಕಿಗೆ ಹೊಂದಿಕೊಂಡ ಕಣ್ಣು ಅದು. ನೋಡಲೇಬೇಕಿದ್ದರೆ ಮಂದವಾದ ಕೆಂಪು ಬೆಳಕು ಸಾಕು. ಹಾಗೆಯೇ ಮರ ಅಲುಗಿಸುವುದು, ಕಲ್ಲು ಎಸೆಯುವುದು, ಬಾಳೆಹಣ್ಣು ತೋರಿಸಿ ಸಿಂಗಳೀಕವನ್ನು ರಸ್ತೆಗೆ ಇಳಿಸುವುದು. ಇವನ್ನು ಮಾಡಿ ತೆಗೆದ ಚಿತ್ರವನ್ನು ಆಮೇಲೆ ಒಂದಿಷ್ಟೂ ತಿದ್ದದಿದ್ದರೂ ಅದು ನನ್ನ ದೃಷ್ಟಿಯಲ್ಲಿ ಸುಳ್ಳೇ.

ನಮ್ಮ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾತೋಟಗಳ ನಡುವಿನ ತುಂಡುಕಾಡಿನ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ, ಅವು ಬಳಸುತ್ತಲೂ ಇವೆ. ಅದರ ವಿವರಗಳನ್ನು ಆ ವಿದ್ಯಾರ್ಥಿನಿ ತರಿಸಿಕೊಟ್ಟಿದ್ದಾಳೆ. ಮತ್ತೊಮ್ಮೆ ಕಚೇರಿಗೆ ಹೋಗುವಾಗ ಅದನ್ನು ಜೊತೆಗಿಡುತ್ತೇವೆ. ಆದರೆ ಅಲ್ಲಿಯ ಸೇತುವೆ ನಮ್ಮ ತಿರುವಿನ ತಂತಿಗೆ ಸಾಕ್ಷಿಯಾಗದು. ನಿಮ್ಮಲ್ಲಿ ಸಿರ್ಸಿ, ಸಿದ್ದಾಪುರ, ಸಾಗರದ ಕಡೆ ಇರುವವರು, ಮನೆಯ ಸುತ್ತ ತಂತಿಯ ಮೇಲೆ ಕೆಂದಳಿಲು, ಮುಸಿಯ, ಸಿಂಗಳೀಕ ಯಾವುದೇ ಓಡಾಡುವುದನ್ನು ತೆಗೆದಿದ್ದರೆ, ಚಿತ್ರ ಮಸುಕಾಗಿದ್ದರೂ ಚಿಂತೆಯಿಲ್ಲ, ತೆಗೆದ ದಿನಾಂಕ ಮತ್ತು ಸ್ಥಳದೊಂದಿಗೆ ಮೂಲ ಕಡತವನ್ನೇ ನನಗೆ ಕಳುಹಿಸಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ, ಒಳಗಿನ ವಿವರಗಳು ಹೋಗುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಬೇಕು. ಬೆಂಗಳೂರಿನಲ್ಲಿ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿದವರಿಗೆ ಬೇರೆಯಾಗಿ ಪತ್ರ ಬರೆದಿದ್ದೇನೆ. ಗೋಡೆಯಿಂದ ಇಳಿಸುವುದು ಬಿಡುವುದು ಅವರಿಗೆ ಸೇರಿದ್ದು.

ಕಳೆದ ಮೂರು ವಾರಗಳಿಂದ ಬೆಳಿಗ್ಗೆ ಏಳಕ್ಕೆ ಆ ತಿರುವಿಗೆ ಹೋಗಿ ಮೋರಿಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದೇನೆ. ಬಸ್ಸಿಗೆ ಹೋಗುವ ಮಕ್ಕಳು, “ಅಜ್ಜ, ಇವತ್ತಾದ್ರೂ ಬಂತಾ?” ಎಂದು ಕೇಳಿಕೊಂಡು ಹೋಗುತ್ತಾರೆ. ಆಚೆ ಬದಿಯ ಬೈನೆಯ ಮರದಲ್ಲಿ ಅಳಿಲಿನ ಕೂಗು ಎರಡು ದಿನ ಕೇಳಿತು. ತಂತಿಗೆ ಬರಲಿಲ್ಲ. ಮೊನ್ನೆ ಬರಿಯ ತಂತಿಯ ಚಿತ್ರವನ್ನೇ ನಾಲ್ಕು ತೆಗೆದುಕೊಂಡು ಬಂದೆ, ರಾದಲ್ಲಿ.